ಬದಲಾದ ವಿಳಾಸ, ಹಳೆಯ ದಾರಿ

192.168.1.1. ದಾವಣಗೆರೆಯಲ್ಲಿ ನಾನಿರುವ ಬಾಡಿಗೆ ಕೋಣೆಯ ರೂಟರಿನ ವಿಳಾಸ ಇದು. ಹರಿಹರದ ನಮ್ಮ ಮನೆಯ ಫೈಬರ್ ಡಬ್ಬಿಯದೂ ಇದೇ. ನಿಮ್ಮ ಮನೆಯದೂ ಇದೇ ಇರಬಹುದು. ಇಷ್ಟೊಂದು ಮನೆಗಳಿಗೆ ಒಂದೇ ವಿಳಾಸವಿದ್ದರೂ ಗೊಂದಲವಾಗುವುದಿಲ್ಲ, ಯಾಕೆಂದರೆ ಇದು ಹೊಸಿಲು ದಾಟದ ವಿಳಾಸ. ಮನೆಯೊಳಗಿನ ಬಳಕೆಗೆಂದು ಕೆಲವು ಸಂಖ್ಯೆಗಳನ್ನು ತೆಗೆದಿಡುವ ನಿಯಮ 1996ರಲ್ಲಿ ಆಯಿತು. 192.168ರಿಂದ ಶುರುವಾಗುವ 65,536 ವಿಳಾಸಗಳು ಅದರಲ್ಲಿ ಸೇರಿವೆ. ಯಾವ ಮನೆಯಲ್ಲಿ ‘ಅವ್ವಾ’ ಎಂದು ಕೂಗಿದರೂ ಆ ಮನೆಯ ಅವ್ವನೇ ಓಗೊಡುವ ಹಾಗೆ.

ಒಂದೇ ಮನೆಯಲ್ಲಿ ಇಬ್ಬರು ಓಗೊಟ್ಟರೆ ಮಾತ್ರ ತೊಂದರೆ. ಕಳೆದ ಮಳೆಗಾಲದಲ್ಲಿ ಹರಿಹರದ ಮನೆಯಲ್ಲಿ ಹಾಗೇ ಆಯಿತು. ತಂಗಿಗೆ ಮರುದಿನ ಬೆಳಿಗ್ಗೆ ಹತ್ತಕ್ಕೆ ಆನ್‌ಲೈನ್ ಸಂದರ್ಶನ. ಒಂದು ವರ್ಷದಿಂದ ಕಾದು ಸಿಕ್ಕ ಕರೆ ಅದು. ಒಳಕೋಣೆಗೆ ವೈಫೈ ಸರಿಯಾಗಿ ಬರುತ್ತಿರಲಿಲ್ಲ. ಅಪ್ಪಾಜಿ ಹೊಸ ರೂಟರ್ ತಂದು ಫೈಬರ್ ಡಬ್ಬಿಗೆ ಜೋಡಿಸಿದರು. ಎರಡಕ್ಕೂ ಒಂದೇ ವಿಳಾಸ! ಇಂಟರ್ನೆಟ್ ಬರಲಿಲ್ಲ. ಅವರು ಹೊಸ ರೂಟರಿನ ವಿಳಾಸವನ್ನು 192.168.2.1 ಎಂದು ಬದಲಿಸಿ ಸೇವ್ ಒತ್ತಿದರು. ಮಾಡಬೇಕಾದ ಕೆಲಸವೇ ಅದು. ರಾತ್ರಿ ಎಂಟೂವರೆಗೆ ನನಗೆ ಫೋನ್ ಬಂತು.

“ನಂಬರ್ ಬದ್ಲಿ ಮಾಡೀನವ್ವಾ. ಈಗ ಹಳೇದ್ರಾಗೂ ಪೇಜು ಬರವಲ್ದು, ಹೊಸಾದ್ರಾಗೂ ಬರವಲ್ದು.”

ಅಂಗಡಿಯ ಹುಡುಗ, ಹಿಂದಿನ ತೂತಿಗೆ ಪಿನ್ನು ಚುಚ್ಚಿ ಹತ್ತು ಸೆಕೆಂಡ್ ಒತ್ತಿ ಅಂದಿದ್ದನಂತೆ. ಹಾಗೆ ರೀಸೆಟ್ ಮಾಡಿದರೆ ಮತ್ತೆ ಅದೇ 1.1, ಮತ್ತೆ ಅದೇ ಜಗಳ. ಅಪ್ಪಾಜಿ ಒಪ್ಪಿರಲಿಲ್ಲ. ಇಪ್ಪತ್ತೈದು ವರ್ಷ ಲೇತ್ ಮೇಲೆ ದುಡಿದವರು. “ಮಷೀನ್ ಕೆಟ್ಟೇತೋ, ಅಳಿಯೋ ಗೇಜ್ ಕೆಟ್ಟೇತೋ, ಮೊದ್ಲು ಅದು ಗೊತ್ತಾಗ್ಲಿ” ಅಂದರು.

ಅವರ ಅನುಮಾನ ನಿಜವಾಗಿತ್ತು. ರೂಟರ್ ಚೆನ್ನಾಗಿಯೇ ಇತ್ತು, ಹಳೆಯ ಲೆಕ್ಕದಲ್ಲಿದ್ದದ್ದು ಲ್ಯಾಪ್‌ಟಾಪ್. ರೂಟರಿಗೆ ಸೇರಿದ ಪ್ರತಿ ಯಂತ್ರಕ್ಕೂ ರೂಟರೇ ಒಂದು ವಿಳಾಸ ಕೊಡುತ್ತದೆ, ಅದಕ್ಕೊಂದು ಅವಧಿಯೂ ಇರುತ್ತದೆ, ಬಾಡಿಗೆ ಕರಾರಿನ ಹಾಗೆ. ಲ್ಯಾಪ್‌ಟಾಪ್ ಹಿಂದಿನ ಕರಾರನ್ನೇ ಹಿಡಿದು ತಾನಿನ್ನೂ 192.168.1ರ ಓಣಿಯಲ್ಲಿದ್ದೇನೆ ಅಂದುಕೊಂಡಿತ್ತು. ಮನೆಯ ರೂಟರುಗಳಲ್ಲಿ ಸಾಮಾನ್ಯವಾಗಿ ಮೊದಲ ಮೂರು ಅಂಕಿಗಳು ಒಂದೇ ಆಗಿದ್ದರಷ್ಟೇ ಒಂದೇ ಓಣಿ. 192.168.2.1 ಅದಕ್ಕೆ ಪರವೂರು. ಆ ಊರಿನ ದಾರಿ ಕೇಳಲು ಅದು ಹೋಗುತ್ತಿದ್ದದ್ದು ಹಳೆಯ 192.168.1.1ರ ಬಾಗಿಲಿಗೆ. ಆ ಬಾಗಿಲೇ ಈಗ ಅಲ್ಲಿಲ್ಲ.

ಸಾಮಾನ್ಯವಾಗಿ ವೈಫೈ ಆಫ್ ಮಾಡಿ ಮತ್ತೆ ಸೇರಿಸಿದರೆ ಹೊಸ ಕರಾರು ಸಿಗುತ್ತದೆ. ಅಪ್ಪಾಜಿ ಹಾಗೇ ಮಾಡಿದರು. ಕಪ್ಪು ಪರದೆಯಲ್ಲಿ ಐಪಿಕಾನ್ಫಿಗ್ ಎಂದು ಟೈಪಿಸಿ ಒಂದೊಂದೇ ಅಂಕಿ ಓದಿ ಹೇಳಿದರು: 192.168.1.5. ಮತ್ತೆ ಹಳೆಯ ಓಣಿಯೇ. ಕೆಲವು ರೂಟರುಗಳಲ್ಲಿ ಹೀಗಾಗುತ್ತದೆ. ರೂಟರ್ ತಾನು ಹೊಸ ವಿಳಾಸಕ್ಕೆ ಹೋಗಿರುತ್ತದೆ, ಹಂಚುವ ಪಟ್ಟಿ ಮಾತ್ರ ಹಳೆಯದೇ. ಆಗ ಲ್ಯಾಪ್‌ಟಾಪಿಗೆ ನಾವೇ ವಿಳಾಸ ಕೊಡಬೇಕು. 192.168.2.10, ಅದರ ಕೆಳಗೆ 255.255.255.0, ಗೇಟ್‌ವೇ 192.168.2.1 ಎಂದು ಬರೆಸಿದೆ. ಬ್ರೌಸರಿನಲ್ಲಿ ಹೊಸ ವಿಳಾಸ ಒತ್ತಿದ ಕೂಡಲೇ “ಬಂತು ನೋಡವ್ವಾ!” ಎಂದರು. ಒಳಹೊಕ್ಕು ಹಂಚುವ ಪಟ್ಟಿಯನ್ನು ತಿದ್ದಿ, ಲ್ಯಾಪ್‌ಟಾಪನ್ನು ತಾನಾಗಿ ವಿಳಾಸ ಪಡೆಯುವಂತೆ ಮತ್ತೆ ಬಿಟ್ಟರು. ಬೆಳಿಗ್ಗೆ ತಂಗಿ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮುಕ್ಕಾಲು ಗಂಟೆ ಮಾತಾಡಿದಳು. ಒಮ್ಮೆಯೂ ಲೈನ್ ಕಡಿಯಲಿಲ್ಲ.

ಸಂಶೋಧನೆಗೆಂದು ನಾನು ಈ ಭಾಗದ ಹಳೆಯ ಕಾಗದಪತ್ರಗಳನ್ನು ಓದುತ್ತಿರುತ್ತೇನೆ. ಅವುಗಳ ಮೇಲೆ ‘ಹರಿಹರ, ಚಿತ್ರದುರ್ಗ ಜಿಲ್ಲೆ’ ಎಂದಿರುತ್ತದೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ತುಂಗಭದ್ರೆಯಾಗಲಿ ಹರಿಹರೇಶ್ವರನ ಗುಡಿಯಾಗಲಿ ಒಂದಡಿಯೂ ಕದಲಲಿಲ್ಲ, ವಿಳಾಸ ಮಾತ್ರ ಬದಲಾಯಿತು. ಹರಪನಹಳ್ಳಿಯದು ಇನ್ನೂ ದೊಡ್ಡ ಕಥೆ: ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, ಅಲ್ಲಿಂದ ವಿಜಯನಗರ ಜಿಲ್ಲೆಗೆ. ಹಳೆಯ ಜಿಲ್ಲೆಯ ಹೆಸರು ಬರೆದ ಕಾಗದವನ್ನೂ ಅಂಚೆಯವರು ತಂದು ಮುಟ್ಟಿಸುತ್ತಾರೆ. ಹರಿಹರ ಎಲ್ಲಿದೆಯೆಂದು ಅವರಿಗೆ ಗೊತ್ತು, 577601 ಎಂಬ ಪಿನ್ ಕೋಡೂ ಇದೆ. ಎರಡೂ ವಿಳಾಸ ಬಲ್ಲ ಮನುಷ್ಯರು ನಡುವೆ ಇದ್ದಾರೆ. ಲ್ಯಾಪ್‌ಟಾಪಿಗೂ ರೂಟರಿಗೂ ನಡುವೆ ಅಂಥವರು ಯಾರೂ ಇಲ್ಲ. ಇಬ್ಬರಿಗೂ ನಾವೇ ಹೋಗಿ ಹೇಳಬೇಕು.

ಹಾಗಾಗಿ ವಿಳಾಸ ಬದಲಿಸುವವರು ಹೊಸದನ್ನು ಮೊದಲು ಒಂದು ಚೀಟಿಯಲ್ಲಿ ಬರೆದು ರೂಟರಿನ ಬೆನ್ನಿಗೆ ಅಂಟಿಸಿಬಿಡಿ. ಆಮೇಲೆ ಸೇವ್ ಒತ್ತಿ. ಪುಟ ತೆರೆಯದಿದ್ದರೆ ಪಿನ್ನು ಹುಡುಕುವ ಮುಂಚೆ, ಕೇಳುತ್ತಿರುವ ಯಂತ್ರ ಯಾವ ಓಣಿಯಲ್ಲಿ ನಿಂತಿದೆ ಎಂದು ಒಮ್ಮೆ ನೋಡಿ.