ಪುಸ್ತಕ ಮುಚ್ಚಿದ ಮೇಲೂ

ಮುಧೋಳದ ಗ್ರಂಥಾಲಯದಲ್ಲಿ ತಿಂಗಳಿಗೊಂದು ಭಾನುವಾರ ನಾವು ಎಂಟು-ಹತ್ತು ಜನ ಸೇರುತ್ತೇವೆ. ನಿವೃತ್ತ ಮಾಸ್ತರರು, ಹೊಲಿಗೆ ಕೆಲಸದ ಅಕ್ಕ, ಇಬ್ಬರು ರೈತರು, ನನ್ನಂಥ ಗೃಹಿಣಿಯರು. ಸಿನಿಮಾ ಆದ ಕನ್ನಡ ಕಾದಂಬರಿಯೊಂದನ್ನು ಓದಬೇಕು, ಆಮೇಲೆ ಆ ಸಿನಿಮಾವನ್ನು ಮನೆಯಲ್ಲೇ ಟಿವಿಯಲ್ಲೋ ಮೊಬೈಲಿನಲ್ಲೋ ನೋಡಿ ಬರಬೇಕು, ಇಷ್ಟೇ ನಿಯಮ. ಪುಸ್ತಕದ ಪ್ರತಿ ಹೆಚ್ಚಾಗಿ ಒಂದೇ ಇರುತ್ತದೆ, ಅದು ಮನೆಯಿಂದ ಮನೆಗೆ ತಿರುಗುತ್ತದೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ರೈತರಿಬ್ಬರೂ ನಾಪತ್ತೆ.

ಜಗಳಕ್ಕೇನೂ ಕೊರತೆಯಿಲ್ಲ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಚಿತ್ರ ಮಾಡಿದರು. ಅದು ತ.ರಾ.ಸು. ಅವರಿಗೇ ಹಿಡಿಸಿರಲಿಲ್ಲ. “ಕಾದಂಬರಿ ಕೆಡಿಸ್ಯಾರ್ರೀ” ಎಂದು ನಮ್ಮಲ್ಲೊಬ್ಬರು ಪಟ್ಟು ಹಿಡಿದರು. ಮಾಸ್ತರರು ನಕ್ಕು, “ಹಂಗಾದ್ರ ನಮ್ಮ ರನ್ನನೂ ಮಹಾಭಾರತ ಕೆಡಿಸ್ಯಾನೇನ್ರೀ?” ಎಂದರು. ಹೌದಲ್ಲ! ಸಾವಿರ ವರ್ಷದ ಹಿಂದೆ ನಮ್ಮೂರಿನ ರನ್ನ ಭೀಮನನ್ನೇ ನಾಯಕನನ್ನಾಗಿಸಿ, ಕೊನೆಯ ಗದಾಯುದ್ಧವನ್ನು ಹಿಡಿದುಕೊಂಡು, ಹಿಂದಿನ ಕಥೆಯನ್ನೆಲ್ಲ ಸಿಂಹಾವಲೋಕನದಲ್ಲಿ ಹೇಳಿದ. ಸಿನಿಮಾದವರು ಅದಕ್ಕೆ ಫ್ಲ್ಯಾಶ್‌ಬ್ಯಾಕ್ ಎನ್ನುತ್ತಾರೆ, ಅಷ್ಟೇ.

ಆದರೆ ‘ಫಣಿಯಮ್ಮ’ನ ಸರದಿ ಬಂದಾಗ ಯಾರೂ ಜಗಳವಾಡಲಿಲ್ಲ. ಎಂ.ಕೆ. ಇಂದಿರಾ ಅವರ 1976ರ ಕಾದಂಬರಿ ಅದು. ಬಾಲ್ಯದಲ್ಲೇ ವಿಧವೆಯಾಗಿ, ಕೂದಲು ತೆಗೆಸಿಕೊಂಡು, ಮಡಿಯಲ್ಲೇ ಮುಪ್ಪಾದ ಮಲೆನಾಡಿನ ಹೆಣ್ಣುಮಗಳ ಕಥೆ. ಇಂದಿರಾ ತಾವು ಚಿಕ್ಕವರಿದ್ದಾಗ ಕಂಡ ಹಿರಿಯ ಜೀವವನ್ನೇ ಬರೆದದ್ದು. ಪ್ರೇಮಾ ಕಾರಂತರು 1983ರಲ್ಲಿ ಅದನ್ನು ಚಿತ್ರ ಮಾಡಿದರು.

ನಮ್ಮ ಓಣಿಯ ಕಾಕು ಆ ತಿಂಗಳಿಂದ ಬರತೊಡಗಿದರು. ಇಪ್ಪತ್ನಾಲ್ಕಕ್ಕೆ ಗಂಡನನ್ನು ಕಳೆದುಕೊಂಡವರು. ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣಿಸುವುದಿಲ್ಲ. ಹಾಗಾಗಿ ಮಧ್ಯಾಹ್ನ ಭಾಂಡೆ ತಿಕ್ಕಿ ಮುಗಿದ ಮೇಲೆ ಅವರ ಮನೆಯ ಪಡಸಾಲೆಯಲ್ಲಿ ಕೂತು ನಾನು ಓದುತ್ತಿದ್ದೆ, ಅವರು ಶೇಂಗಾ ಸುಲಿಯುತ್ತ ಕೇಳುತ್ತಿದ್ದರು. ಸಿನಿಮಾವನ್ನು ಮಗ ಟಿವಿಯಲ್ಲಿ ಹಾಕಿಕೊಟ್ಟಿದ್ದ.

“ಸಿನಿಮಾ ಛಲೋ ಐತಿ. ಖರೆ ಅದು ಮುಗೀತಂದ್ರ ಎಲ್ಲಾರೂ ಎದ್ದು ಹೊಕ್ಕಾರ. ಪುಸ್ತಕ ಮುಚ್ಚಿದ್ರೂ ಆಕಿ ಹೋಗವಲ್ಲಳು ನೋಡವ್ವಾ” ಎಂದರು ಕಾಕು. ನಾನು ಸುಮ್ಮನಿದ್ದೆ. ಶೇಂಗಾದ ಸಿಪ್ಪೆ ಕೊಡವಿಕೊಂಡು ಮತ್ತೆ ಅವರೇ ಹೇಳಿದರು: “ನಮ್ಮ ಮಂದ್ಯಾಗ ತಲಿ ಬೋಳಸೂದಿಲ್ಲ. ಹಿಂದ ನಿಂದ್ರಸ್ತಾರ.”

ಅದು ನನಗೆ ಗೊತ್ತಿತ್ತು. ಓಣಿಯ ಎಷ್ಟೋ ಮದುವೆಗಳಲ್ಲಿ ನಸುಕಿನಿಂದ ಹೋಳಿಗೆ ಬೇಯಿಸಿದ ಕೈ ಅವರದು. ಅರಿಷಿಣ ಹಚ್ಚುವ ಹೊತ್ತಿಗೆ ಮಾತ್ರ ಅವರು ಅಡುಗೆಮನೆಯ ಬಾಗಿಲಿನಾಚೆ. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಬೀಳುತ್ತಿರಲಿಲ್ಲ.

ಈಗ ಅವರ ಮೊಮ್ಮಗಳ ಮದುವೆ ವೈಶಾಖದಲ್ಲಿದೆ. ಅರಿಷಿಣ ಮೊದಲು ಅಜ್ಜಿಯೇ ಹಚ್ಚಬೇಕೆಂದು ಹುಡುಗಿ ಹಟ ಹಿಡಿದಿದ್ದಾಳೆ. ಬೀಗರು ಏನಂದಾರು ಎಂದು ಮಗನಿಗೆ ಅಳುಕು. ಕಾಕು ಹೂಂ ಅಂದಿಲ್ಲ, ಒಲ್ಲೆ ಅಂತಲೂ ಅಂದಿಲ್ಲ. ಕಾದಂಬರಿಯಲ್ಲಿ ದಾಕ್ಷಾಯಿಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಒಪ್ಪುವುದಿಲ್ಲ. ಫಣಿಯಮ್ಮ ಆಕೆಯ ಪರ ನಿಲ್ಲುತ್ತಾಳೆ. “ಆ ಹುಡುಗಿ ಬರೂದಷ್ಟು ಇನ್ನೊಮ್ಮೆ ಓದವ್ವಾ” ಎಂದರು ಕಾಕು ಮೊನ್ನೆ. ಓದಿದೆ. ಅದು ಮೂರನೆಯ ಸಲ.

ಉಳಿದವರೆಲ್ಲ ಮುಂದಿನ ಪುಸ್ತಕಕ್ಕೆ ಹೋಗಿದ್ದೇವೆ. ‘ಫಣಿಯಮ್ಮ’ ಇನ್ನೂ ಕಾಕುವಿನ ಮನೆಯ ಮಾಡದಲ್ಲೇ ಇದೆ. ಗ್ರಂಥಪಾಲಕರು ಎರಡು ಸಲ ತಾರೀಕು ಮುಂದೂಡಿ ಬರೆದುಕೊಟ್ಟಿದ್ದಾರೆ.