ಏಳು ಬಟ್ಟಲು ನೀರು

ಡಿಕಾಕ್ಷನ್ ಇಳಿಯುವ ಹೊತ್ತಿಗೆ ನನ್ನ ಏಳು ಬಟ್ಟಲುಗಳು ತುಂಬಿರುತ್ತವೆ. ಹಿತ್ತಾಳೆಯವು, ಅಂಗೈಯಲ್ಲಿ ಕೂರುವಷ್ಟು ಚಿಕ್ಕವು. ತುಂಬಲು ಐದು ನಿಮಿಷ ಸಾಕು. ಆದರೂ ನಾನು ಅರ್ಧ ಗಂಟೆ ಮುಂಚೆ ಏಳುತ್ತೇನೆ, ಅವಸರದ ಕೈಗೆ ಈ ಕೆಲಸ ಒಗ್ಗುವುದಿಲ್ಲ.

ಕಲಿಸಿದವರು ಬೈಲಕುಪ್ಪೆಯ ಅಮಾಲಾ. ಟಿಬೆಟನ್ನರಲ್ಲಿ ‘ಅಮಾ’ ಎಂದರೆ ಅಮ್ಮ, ‘ಲಾ’ ಗೌರವಕ್ಕೆ. 1960ರ ದಶಕದ ಮೊದಲಿಗೆ ಪಿರಿಯಾಪಟ್ಟಣದ ಕಡೆಯ ಕಾಡು ಸವರಿ ನಿರಾಶ್ರಿತರ ಕ್ಯಾಂಪು ಎದ್ದಾಗ ಅವರಿನ್ನೂ ಸಣ್ಣ ಹುಡುಗಿ. ನಾನು ಅಲ್ಲಿ ಮೂರು ವರ್ಷ ಕನ್ನಡ ಟೀಚರಾಗಿದ್ದೆ, ಅವರದು ಪಕ್ಕದ ಮನೆ. ಒಂದು ಅಕ್ಟೋಬರಿನಲ್ಲಿ ಮಗನ ಜೊತೆ ಹುಬ್ಬಳ್ಳಿಗೆ ಸ್ವೆಟರ್ ಮಾರಲು ಹೊರಟವರು ಕೀಲಿಕೈ ನನ್ನ ಕೈಗಿಟ್ಟು, “ಟೀಚರ್, ದಿನಾ ನೀರು ಇಡ್ತೀರಾ?” ಎಂದರು.

ಇದಕ್ಕೆ ಯೊನ್‌ಚಾಪ್ ಎನ್ನುತ್ತಾರೆ. ಖಾಲಿ ಬಟ್ಟಲನ್ನು ಬುದ್ಧನ ಮುಂದೆ ಇಡುವಂತಿಲ್ಲ. ಅದಕ್ಕೇ ಏಳನ್ನೂ ಒಂದರೊಳಗೊಂದು ಪೇರಿಸಿ ಎಡಗೈಯಲ್ಲಿ ಹಿಡಿದು ಮೇಲಿನದಕ್ಕೆ ನೀರು ಹಾಕಬೇಕು. ಅದನ್ನೆತ್ತಿ, ತುಸು ಉಳಿಸಿಕೊಂಡು, ಮಿಕ್ಕದ್ದನ್ನು ಕೆಳಗಿನ ಬಟ್ಟಲಿಗೆ ಬಗ್ಗಿಸಿ, ಪೀಠದ ಎಡತುದಿಯಲ್ಲಿ ಇಡಬೇಕು. ಮುಂದಿನದೂ ಹಾಗೆಯೇ. ಬಟ್ಟಲಿಗೂ ಬಟ್ಟಲಿಗೂ ನಡುವೆ ಒಂದು ಜವೆಗೋಧಿ ಕಾಳಿನಷ್ಟು ಸಂದು. ಆಮೇಲೆ ಎಡದಿಂದ ಬಲಕ್ಕೆ ತುಂಬುತ್ತ ಹೋಗಬೇಕು, ಅಂಚಿಗಿಂತ ಒಂದು ಜವೆ ಕೆಳಗೆ ನಿಲ್ಲುವಂತೆ. ಧಾರೆಯೂ ಜವೆಯ ಆಕಾರದ್ದೇ: ಎಳೆಯಾಗಿ ಶುರು, ನಡುವೆ ದಪ್ಪ, ಕೊನೆಗೆ ಮತ್ತೆ ಎಳೆ.

ಮೊದಲ ವಾರ ದಿನವೂ ಬಟ್ಟೆ ಒದ್ದೆಯಾಯಿತು. ತಿಂಗಳು ಕಳೆಯುವಷ್ಟರಲ್ಲಿ ಕಿವಿ ಪಳಗಿತು. ಬಟ್ಟಲು ತುಂಬುತ್ತ ಬಂದಂತೆ ನೀರಿನ ಸದ್ದು ಏರುತ್ತದೆ, ಎಲ್ಲಿ ನಿಲ್ಲಿಸಬೇಕೆಂದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಏಳನೆಯದು ತುಂಬಿದ ಮೇಲೆ ಎದುರಿನ ಕಿಟಕಿ ಏಳು ಕಡೆ ತೇಲುತ್ತದೆ. ಆ ನೀರು ಅಲುಗಾಟ ನಿಲ್ಲಿಸುವವರೆಗೆ ನಾನು ಸುಮ್ಮನೆ ನಿಲ್ಲುತ್ತೇನೆ. ನನ್ನ ದಿನದಲ್ಲಿ ಅದಕ್ಕಿಂತ ಸೊಗಸಿನ ಗಳಿಗೆ ಇನ್ನೊಂದಿಲ್ಲ.

ಬಟ್ಟಲುಗಳ ಹೆಸರು ಕೇಳಿದಾಗ ನನಗೆ ನಮ್ಮಜ್ಜಿಯ ದೇವರಮನೆ ನೆನಪಾಗಿತ್ತು: ಅರ್ಘ್ಯ, ಪಾದ್ಯ, ಪುಷ್ಪ, ಧೂಪ, ದೀಪ, ಗಂಧ, ನೈವೇದ್ಯ. ಏಳಕ್ಕೂ ನೀರೇ ಆಗುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಬಂಗಾಳದ ಕಡೆಯಿಂದ ಟಿಬೆಟಿಗೆ ಹೋದ ಅತೀಶ ಪಂಡಿತ ಅಲ್ಲಿನ ನೀರನ್ನು ಬಹಳ ಹೊಗಳಿದನಂತೆ, ಅರ್ಪಿಸಲು ಇದೊಂದಿದ್ದರೆ ಸಾಕು ಎಂದನಂತೆ. ಅಮಾಲಾ ಹೇಳಿದ ಕಾರಣ ಇನ್ನೂ ಹತ್ತಿರದ್ದು. ತುಪ್ಪದ ದೀಪ ಹಚ್ಚಿದರೆ ಎಷ್ಟು ಖರ್ಚಾಯಿತೆಂದು ಮನಸ್ಸು ಎಣಿಸುತ್ತದೆ. ನೀರಿಗೆ ಕಾಸಿಲ್ಲ, ಆದ್ದರಿಂದ ಕೊಟ್ಟ ಮೇಲೆ ಹೆಮ್ಮೆಯೂ ಇಲ್ಲ, ಹೊಟ್ಟೆಯುರಿಯೂ ಇಲ್ಲ.

ಆ ಮಾತು 2024ರ ಮಾರ್ಚಿನಲ್ಲಿ ನನಗೆ ತಿರುಗಿ ಬಂತು. ಅಷ್ಟರಲ್ಲಿ ಬೆಂಗಳೂರಿಗೆ ಬಂದಿದ್ದೆ. ನಮ್ಮ ಬೀದಿಯ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾಯುವ ದಿನಗಳು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ತಂಬಿಗೆ ಹಿಡಿದು ಪೀಠದ ಮುಂದೆ ನಿಂತರೆ ಕೈ ಬಿಗಿಯಾಗುತ್ತಿತ್ತು. ಆಗ ನನ್ನ ಬಟ್ಟಲುಗಳು ದೊಡ್ಡವು, ಏಳೂ ಸೇರಿ ಒಂದು ಲೀಟರ್ ಹಿಡಿಯುತ್ತಿದ್ದವು. ಅಮಾಲಾಗೆ ಫೋನ್ ಮಾಡಿದೆ.

“ಚಿಕ್ಕ ಬಟ್ಟಲು ತಗೊಳ್ಳಿ ಟೀಚರ್. ಸಂಜೆ ನೀರು ಎಲ್ಲಿಗೆ ಹಾಕ್ತೀರಾ?”

“ಕರಿಬೇವಿನ ಗಿಡಕ್ಕೆ.”

“ಒಳ್ಳೇದು. ನಿಮ್ಮ ಬೀದೀಲಿ ಬಾಯಾರಿದವರು ಯಾರೂ ಇಲ್ವಾ?”

ಫೋನಿಟ್ಟು ಬಾಲ್ಕನಿಗೆ ಬಂದೆ. ಕೆಳಗೆ ಪೌರಕಾರ್ಮಿಕ ಹೆಂಗಸರಿಬ್ಬರು ಕಸದ ಗಾಡಿಯ ನೆರಳಿನಲ್ಲಿ ಕೂತಿದ್ದರು. ಅವರನ್ನು ದಿನವೂ ನೋಡುತ್ತಿದ್ದೆ. ನೀರು ಬೇಕೇ ಎಂದು ಒಂದು ದಿನವೂ ಕೇಳಿರಲಿಲ್ಲ.

ಬುದ್ಧನ ದಾರಿಯೆಂದರೆ ಲೋಕ ಮರೆತು ಕಣ್ಣು ಮುಚ್ಚಿ ಕೂರುವುದು ಎಂದುಕೊಂಡವರು ನಮ್ಮಲ್ಲಿ ಬಹಳ ಜನ. ನಾನು ಬೈಲಕುಪ್ಪೆಯಲ್ಲಿ ಕಂಡದ್ದು ಹೆಚ್ಚಾಗಿ ಕೈಕೆಲಸ: ಬಟ್ಟಲು ಒರೆಸುವುದು, ಮಣಿಚಕ್ರ ತಿರುಗಿಸುವುದು, ಮಳೆಗಾಲದಲ್ಲಿ ದಾರಿಗೆ ಬಂದ ಎರೆಹುಳುವನ್ನು ಎಲೆಯ ಮೇಲೆತ್ತಿ ಬೇಲಿಯಾಚೆ ಬಿಡುವುದು. ಅಶೋಕನೂ ಇದೇ ಬಗೆಯವನು. ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ನಿಂತಿರುವ ಅವನ ಸ್ತಂಭದ ಏಳನೆಯ ಶಾಸನದಲ್ಲಿ ದಾರಿಯುದ್ದಕ್ಕೂ ಆಲದ ಮರ ನೆಡಿಸಿದ್ದು, ಮಾವಿನ ತೋಪು ಬೆಳೆಸಿದ್ದು, ಬಾವಿ ತೋಡಿಸಿದ್ದು, ಜನಕ್ಕೂ ದನಕ್ಕೂ ಕುಡಿಯುವ ನೀರಿನ ತಾಣ ಮಾಡಿಸಿದ್ದು ಎಲ್ಲ ಇದೆ. ಎರಡು ಸಾವಿರ ವರ್ಷಕ್ಕೂ ಹಳೆಯ ಮಾತು. ಅಂಥ ತಾಣಕ್ಕೆ ನಮ್ಮಲ್ಲಿ ಅರವಟ್ಟಿಗೆ ಎಂಬ ಚೆಂದದ ಹೆಸರಿದೆ. ರಾಮನವಮಿಯ ಪಾನಕದ ದಿನ ಬಿಟ್ಟರೆ ಅದನ್ನು ಮರೆಯುತ್ತ ಬಂದಿದ್ದೇವೆ.

ಚಿಕ್ಕ ಬಟ್ಟಲು ಕೊಂಡೆ. ಈಗ ಏಳಕ್ಕೂ ಸೇರಿ ಎರಡು ಲೋಟ ನೀರು ಸಾಕು. ಉಳಿದ ಪಾಲಿಗೆ ಇನ್ನಷ್ಟು ಸೇರಿಸಿ ಗೇಟಿನ ಹೊರಗೆ, ಹೊಂಗೆ ಮರದಡಿ, ಮರಳಿನ ಮೇಲೆ ಒಂದು ಮಡಕೆ ಇಟ್ಟೆ. ಪೀಠದ ಕೆಲಸ ಮುಗಿದ ಕೂಡಲೇ ಅದರ ಸರದಿ. ಜವೆಯ ಧಾರೆ ಅಲ್ಲಿಯೂ ತಾನಾಗಿ ಬರುತ್ತದೆ. ಪೌರಕಾರ್ಮಿಕರು, ಊಟ ತಲುಪಿಸುವ ಹುಡುಗರು, ಎದುರು ಕಟ್ಟಡದ ವಾಚ್‌ಮನ್ ಎಲ್ಲರೂ ಕುಡಿಯುತ್ತಾರೆ. ಏಪ್ರಿಲ್‌ನಲ್ಲಿ ಮಧ್ಯಾಹ್ನದೊಳಗೆ ಮಡಕೆ ಖಾಲಿಯಾಗುತ್ತದೆ, ಮತ್ತೆ ತುಂಬಬೇಕು. ಸಂಜೆ ಬಟ್ಟಲುಗಳ ನೀರಿನಲ್ಲಿ ಅರ್ಧ ಕರಿಬೇವಿಗೆ, ಅರ್ಧ ಮೈನಾಗಳಿಗೆ.

ಬರುವ ಬೇಸಿಗೆಗೆ ನಿಮ್ಮ ಗೇಟಿನ ಹೊರಗೂ ಒಂದು ಮಡಕೆ ಇಡಿ. ದಿನಾ ತೊಳೆದು ತುಂಬಿ, ಮುಚ್ಚಳ ಹಾಕಿ. ಲೋಟವನ್ನು ಮಾತ್ರ ಸರಪಳಿಯಲ್ಲಿ ಕಟ್ಟಬೇಡಿ.