ಮನೆಗೆ ಮರಳುವ ದಾರ

ಧಾರವಾಡದಲ್ಲಿ ಜಿಟಿಜಿಟಿ ಮಳೆ. ಹಳೆಯ ಹೆಂಚಿನ ಮನೆಯ ಪಡಸಾಲೆಯಲ್ಲಿ ಕಿಟಕಿಯ ಬೆಳಕಿಗೆ ಮುಖಮಾಡಿ ಕೂತಿದ್ದ ಅಜ್ಜಿಯ ತೊಡೆಯ ಮೇಲೆ ಕಪ್ಪು ಚಂದ್ರಕಾಳಿ ಸೀರೆ. ಸೆರಗಿನಲ್ಲಿ ಕಸೂತಿಯ ಗೋಪುರವೊಂದು ಮೆಲ್ಲಗೆ ಏಳುತ್ತಿತ್ತು. ಬಟ್ಟೆಯ ಮೇಲೆ ಪೆನ್ಸಿಲ್ ಗೆರೆಯಿಲ್ಲ, ಅಚ್ಚಿನ ಗುರುತಿಲ್ಲ.

"ಗೆರಿ ಯಾಕ ಬೇಕವಾ? ಎಳಿ ಎಣಸಿದರ ಆತು" ಅಂದರು.

ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆ: ಗಾವಂತಿ, ಮುರ್ಗಿ, ನೇಯ್ಗಿ, ಮೆಂತಿ. ಮೆಂತಿ ಅಡ್ಡಡ್ಡ ಹಾಯುವ ಹೊಲಿಗೆ, ನೇಯ್ಗಿ ನೆಯ್ದಂತೆ ಕಾಣುತ್ತದೆ, ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನನ್ನನ್ನು ಹಿಡಿದು ಕೂರಿಸಿದ್ದು ಗಾವಂತಿ. ಸೂಜಿ ಒಂದು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ ನಡೆದು ತುಂಡು ತುಂಡಾದ ಚಿತ್ರ ಬಿಡಿಸುತ್ತದೆ. ಆಮೇಲೆ ಅದೇ ಹಾದಿಯಲ್ಲಿ ಹಿಂದಿರುಗುತ್ತ ಬಿಟ್ಟ ಜಾಗವನ್ನೆಲ್ಲ ತುಂಬುತ್ತದೆ. ಅಜ್ಜಿ ಸೆರಗು ತಿರುವಿ ತೋರಿಸಿದರು. ಹಿಂದೆಯೂ ಅದೇ ಗೋಪುರ, ಅಷ್ಟೇ ಚೊಕ್ಕ. ಒಂದು ಗಂಟೂ ಇಲ್ಲ!

"ಹ್ವಾದ ದಾರ ತಿರಗಿ ಮನಿಗೆ ಬರಬೇಕು. ನಡುವ ಕಡದರ ಗಂಟ ಬೀಳತದ, ಹಿಂದಿನ ಮಾರಿ ಕೆಡತದ."

ನಾನು ಗಣಿತ ಕಲಿಸುವವಳು. ಚೀಲದಿಂದ ನೋಟ್‌ಬುಕ್ ತೆಗೆದು, ಶಾಲೆಯಲ್ಲಿ ನಮ್ಮನ್ನೆಲ್ಲ ಸೋಲಿಸಿದ್ದ ಚಿತ್ರವೊಂದನ್ನು ಬರೆದೆ: ಚೌಕ, ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ. ಪೆನ್ನು ಎತ್ತದೆ, ಎಳೆದ ಗೆರೆಯನ್ನೇ ಮತ್ತೆ ಎಳೆಯದೆ ಇದನ್ನು ಬರೆಯಲು ಬರುವುದಿಲ್ಲ. ನಾಲ್ಕೂ ಮೂಲೆಗಳಲ್ಲಿ ಮೂರು ಮೂರು ಗೆರೆ ಕೂಡುತ್ತವೆ. ಹೀಗೆ ಬೆಸಸಂಖ್ಯೆಯ ಗೆರೆಗಳು ಕೂಡುವ ಜಾಗಗಳು ಎರಡಕ್ಕಿಂತ ಹೆಚ್ಚಾದರೆ ದಾರಿಯೇ ಇಲ್ಲ. ಕೋನಿಗ್ಸ್‌ಬರ್ಗ್ ಊರಿನ 7 ಸೇತುವೆಗಳ ಒಗಟನ್ನು ಬಿಡಿಸುವಾಗ, 1736ರ ಸುಮಾರಿಗೆ, ಗಣಿತಜ್ಞ ಆಯ್ಲರ್ ಕಂಡುಕೊಂಡ ಸತ್ಯವಿದು.

ಅಜ್ಜಿ ಚಿತ್ರವನ್ನು ಒಮ್ಮೆ ನೋಡಿ, ಒಂದು ಚಿಂದಿ ಬಟ್ಟೆ ತೆಗೆದುಕೊಂಡು ಶುರುಮಾಡಿಯೇಬಿಟ್ಟರು. ಸ್ವಲ್ಪ ಹೊತ್ತಿಗೆ ಚೌಕವೂ ಅಡ್ಡಗೆರೆಗಳೂ ಎರಡೂ ಮಗ್ಗುಲಲ್ಲಿ ಮೂಡಿ, ದಾರ ಹೊರಟಲ್ಲಿಗೇ ಬಂದು ನಿಂತಿತ್ತು. ನನಗೆ ಮೈ ಜುಮ್ಮೆಂದಿತು.

ಹೇಗೆಂದು ಆಗ ಹೊಳೆಯಿತು. ಗಾವಂತಿಯಲ್ಲಿ ದಾರ ಪ್ರತಿ ಗೆರೆಯನ್ನೂ ಎರಡು ಸಲ ಹಾಯುತ್ತದೆ. ಮೂರು ಗೆರೆ ಕೂಡುವ ಕಡೆ ಆರು ಹಾದಿಗಳಾಗುತ್ತವೆ, ಐದು ಕೂಡುವ ಕಡೆ ಹತ್ತು. ಎಲ್ಲವೂ ಸಮಸಂಖ್ಯೆ! ಗೆರೆಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಸಾಕು, ಆನೆ ಅಂಬಾರಿಯಾಗಲಿ, ತುಳಸಿಕಟ್ಟೆಯಾಗಲಿ, ತೇರಾಗಲಿ, ದಾರ ಮನೆಗೆ ಬಂದೇ ಬರುತ್ತದೆ. ಇನ್ನೂ ಸೊಗಸಿನ ಮಾತೊಂದಿದೆ. ಕವಲೊಂದಕ್ಕೆ ಹೋಗಿ ಅದೇ ಹಾದಿಯಲ್ಲಿ ಮರಳಿದರೆ ಹೆಜ್ಜೆಗಳ ಲೆಕ್ಕ ಸದಾ ಸಮ. ಹಾಗಾಗಿ ಹೋಗುವಾಗ ಬಟ್ಟೆಯ ಮೇಲೆ ಹಾದಲ್ಲಿ ಬರುವಾಗ ಕೆಳಗೆ, ಕೆಳಗೆ ಹಾದಲ್ಲಿ ಮೇಲೆ. ಬಿಟ್ಟ ಜಾಗ ತುಂಬಿಯೇ ತೀರುತ್ತದೆ, ಎಲ್ಲೂ ತಪ್ಪುವುದಿಲ್ಲ. ತಲೆಮಾರುಗಳಿಂದ ಈ ಊರಿನ ಪಡಸಾಲೆಗಳಲ್ಲಿ ಹೆಂಗಸರ ಬೆರಳು ನಂಬಿ ನಡೆದ ಹಾದಿಗೆ ನನ್ನ ಪಾಠದ ಪುಸ್ತಕದಲ್ಲಿ ಪುರಾವೆ ಸಿಕ್ಕಿತು.

ಆ ಚಿಂದಿ ಈಗ ನನ್ನ ಮೇಜಿನ ಮೇಲಿದೆ. ಯಾವುದು ಮುಂಭಾಗವೆಂದು ನನಗೂ ಗುರುತು ಸಿಗುವುದಿಲ್ಲ.

ಧಾರವಾಡಕ್ಕೆ, ಹುಬ್ಬಳ್ಳಿಗೆ ಹೋದರೆ ಗಾವಂತಿಯ ಸೀರೆ ಕೊಳ್ಳುವ ಮುನ್ನ ಸೆರಗು ತಿರುವಿ ಹಿಂಬದಿ ನೋಡಿ. ಅಲ್ಲಿಯೂ ಅದೇ ಗೋಪುರ ನಿಂತಿದ್ದರೆ ದಯವಿಟ್ಟು ಚೌಕಾಸಿ ಮಾಡಬೇಡಿ.